ನೇರವಾಗಿ ಕಟ್ಟಿದ ನಳಿಕೆ

ಭಾನುವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ರಾಜಾಜಿನಗರದ ಮನೆಯಿಂದ ಹೊರಟೆ. ಹೋಗಬೇಕಾಗಿದ್ದುದು ಹೆಗ್ಗನಹಳ್ಳಿಗೆ, ಏಳೆಂಟು ಕಿಲೋಮೀಟರ್ ಇದ್ದೀತು. ಸಂಡೂರಿನ ಅದಿರು ಗಣಿಗೆ ಎಷ್ಟೋ ಸಲ ಹೋಗಿ ಬಂದ ನನಗೆ ಈ ದಾರಿಯೇ ಹೆಚ್ಚು ದೂರವೆನಿಸಿತು.

ಕಾಮಾಕ್ಷಿಪಾಳ್ಯದಲ್ಲಿ ಬಸ್ ಬದಲಿಸಿದೆ. ನನ್ನ ವರ್ಕ್‌ಶಾಪ್ ಇರುವುದು ಅಲ್ಲೇ. ಗಣಿಯಲ್ಲಿ ಅದಿರು ಹೊರುವ ದೊಡ್ಡ ಡಂಪರ್‌ಗಳಿಗೆ ತಾನಾಗಿಯೇ ಬೆಂಕಿ ಆರಿಸುವ ಸಲಕರಣೆ ಕೂರಿಸುತ್ತೇವೆ. ಎಂಜಿನ್ ಮೇಲೆ ಹಾಯಿಸಿದ ಪ್ಲಾಸ್ಟಿಕ್ ನಳಿಕೆ ಬೆಂಕಿ ತಗುಲಿದೊಡನೆ ಒಡೆಯುತ್ತದೆ. ಒಳಗೆ ಒತ್ತಿ ತುಂಬಿದ ಗಾಳಿ ಹೊರಹೋದೊಡನೆ ಸಿಲಿಂಡರ್ ತೆರೆದುಕೊಂಡು, ಅದರಲ್ಲಿನ ಬೆಂಕಿ ಆರಿಸುವ ಪುಡಿ ಬೆಂಕಿಯ ಮೇಲೆ ಚಿಮ್ಮುತ್ತದೆ.

ಹೋದ ತಿಂಗಳು ಒಂದು ಡಂಪರಿನ ಆಯಿಲ್ ಪೈಪ್ ಒಡೆದು ಬೆಂಕಿ ಹತ್ತಿತು. ಪುಡಿ ತಡವಾಗಿ ಚಿಮ್ಮಿತು. ಚಾಲಕ ಬಸವರಾಜ ಮೇಲಿನಿಂದ ಹಾರಿ ಕಾಲು ಮುರಿದುಕೊಂಡ. ನಳಿಕೆ ಎಂಜಿನ್ನಿನಿಂದ ದೂರವಿತ್ತು, ಅವನೇ ಸರಿಸಿರಬೇಕು ಎಂದು ಗಣಿಯವರು ಅವನನ್ನು ಕೆಲಸದಿಂದ ತೆಗೆದರು. ಅವರು ನನಗೆ ಬರೆದ ಕಾಗದ ಓದಿದ ಕೂಡಲೇ ನನಗೆ ನಿಜ ತಿಳಿಯಿತು. ನಳಿಕೆಯನ್ನು ಬಿಸಿ ಭಾಗಗಳ ಮೇಲೆ ಅಂಕುಡೊಂಕಾಗಿಯೇ ಹಾಯಿಸಬೇಕು. ನನಗೆ ಅಂಕುಡೊಂಕು ಕಂಡರಾಗದು. ಎಂಜಿನ್ನಿನಿಂದ ದೂರದ ಅಂಚಿನ ಚೌಕಟ್ಟಿಗೆ ಗೆರೆ ಎಳೆದಂತೆ, ಗೇಣಿಗೊಂದು ಕ್ಲಿಪ್ ಹಾಕಿ ಕಟ್ಟಿದವನು ನಾನೇ. ತಿಳಿದ ಮೇಲೂ ಮೂರು ವಾರ ಸುಮ್ಮನಿದ್ದೆ.

ಸುಂಕದಕಟ್ಟೆಗೆ ಐದು ರೂಪಾಯಿ ಟಿಕೆಟ್. ಬಾಗಿಲಲ್ಲೇ ನಿಂತ ನನಗೆ ಕಂಡಕ್ಟರ್, "ಒಳಗ್ ಬನ್ನಿ ಯಜಮಾನ್ರೇ, ಬಾಗ್ಲು ಕಾಯೋಕೆ ನಾನಿದೀನಿ" ಎಂದ. ಇಳಿದು ಇಪ್ಪತ್ತು ನಿಮಿಷ ನಡೆದೆ. ಬಿಸಿಲು ಆಗಲೇ ಏರಿತ್ತು.

ಬಸವರಾಜ ಹೆಗ್ಗನಹಳ್ಳಿಯ ತನ್ನ ಅಕ್ಕನ ಮನೆಯಲ್ಲಿ, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದ.

"ಬರ್ರಿ ಸರ, ಕೂಡ್ರಿ. ಅಕ್ಕಾ, ಚಾ ಇಡು." ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರುಮಾಡಿದ. "ನಾ ಆ ಬೆಂಕಿ ಆರ್ಸೋ ಪೈಪ್ ಮುಟ್ಟಿಲ್ರಿ ಸರ. ಅಷ್ಟು ಚಂದ ಕಟ್ಟಿದ್ರಿ ನೀವು. ಅದನ್ನ ಕದಲ್ಸಾಕ ಮನಸು ಹೆಂಗ ಬರತೈತಿ?"

ಚಹಾ ಬಂತು. ಕುಡಿಯಲಾಗದೆ ಲೋಟ ಕೆಳಗಿಟ್ಟು, ತಪ್ಪು ನನ್ನದೆಂದು ಹೇಳಿದೆ. ಗಣಿಯವರಿಗೆ ಬರೆದ ಕಾಗದವನ್ನು ಕೈಗಿತ್ತೆ. ಅವನು ಎರಡು ಸಲ ಓದಿದ. ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದರು: "ಇಷ್ಟು ದಿನ ಎಲ್ಲಿದ್ರಿ ಸರ?"

ಬಸವರಾಜ ಕಾಗದ ಹಿಂದಿರುಗಿಸಿದ. "ಕಾಗದ ಬ್ಯಾಡ್ರಿ. ನನ್ನನ್ನ ಗಣ್ಯಾಗ ಎಲ್ಲಾ ಡ್ರೈವರ್‌ಗಳ ಮುಂದ ನಿಲ್ಲಿಸಿ ಬೈದಾರ. ನೀವೂ ಅಲ್ಲೇ ನಿಂತು ಹೇಳ್ರಿ. ಕೋಲು ಹಿಡಕೊಂಡು ನಾನೂ ಬರ್ತೇನಿ."

"ನಾಳೆನೇ ಹೋಗೋಣ" ಎಂದೆ.

ಹೊರಟು ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅಕ್ಕ ಇನ್ನೂ ಬಾಗಿಲಲ್ಲೇ ಇದ್ದರು. ಮರಳುವಾಗ ಮನೆಗೆ ಹೋಗದೆ ನೇರ ಮೆಜೆಸ್ಟಿಕ್‌ಗೆ ಹೋದೆ. ಗಣಿಗೆ ಹೋಗಲು ನಾಳೆಯ ಹೊಸಪೇಟೆ ಬಸ್ಸಿಗೆ ಎರಡು ಸೀಟು ಕೇಳಿದೆ. ಕಾಲು ನೀಡಲು ಜಾಗವಿರುವ ಮುಂದಿನ ಸಾಲು.

"ಇನ್ನೊಬ್ರ ಹೆಸ್ರು ಸಾರ್?" ಎಂದರು ಟಿಕೆಟ್ ಕೌಂಟರಿನವರು.

"ಬಸವರಾಜ, ಗಣಿಯ ಡ್ರೈವರ್" ಎಂದೆ. ಅವರು ಕೇಳಿದ್ದು ಹೆಸರನ್ನು ಮಾತ್ರ; ಅವನ ಕೆಲಸವನ್ನು ಸೇರಿಸಿದವನು ನಾನು.