ನೀರು ಮುಟ್ಟದ ಸುತ್ತು

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬರುವ ಸೈಕಲ್ಲಿನವರಿಂದ ನಾನು ಒಂದು ವಿಷಯ ಮುಚ್ಚಿಟ್ಟಿದ್ದೇನೆ. ರಾಮನಗರದ ನನ್ನ ಸೈಕಲ್ ಅಂಗಡಿಯ ಮುಂದೆ ಗಾಳಿ ತುಂಬಿಸಿಕೊಳ್ಳಲು ನಿಂತವರು ಕೇಳುವುದು ಒಂದೇ ಮಾತು: "ಅಂಕಲ್, ಒಂದೇ ದಿನದಲ್ಲಿ ಸುತ್ತಿ ಬರೋಕೆ ಒಳ್ಳೇ ರೂಟ್ ಯಾವುದು?" ನಾನು ತಡವರಿಸದೆ ಹೇಳುತ್ತೇನೆ. ಬಂಡೆಗಳ ಪಕ್ಕದಿಂದ ಮಾಗಡಿ, ಅಲ್ಲಿಂದ ತಿಪ್ಪಸಂದ್ರ, ರಾಗಿ ಹೊಲಗಳ ನಡುವೆ ಇಳಿದು ದೊಡ್ಡಮಳೂರು, ಚನ್ನಪಟ್ಟಣ, ಕತ್ತಲಾಗುವ ಮುಂಚೆ ಮತ್ತೆ ರಾಮನಗರ. ಎಲ್ಲಿ ಏರು, ಎಲ್ಲಿ ಮಾವಿನ ನೆರಳು, ಯಾವ ಊರಿನ ಹೊರಗೆ ಕುಡಿಯುವ ನೀರು, ಎಲ್ಲ ನನ್ನ ಬಾಯಲ್ಲೇ ಇದೆ. ಅವರು ಹೋಗಿಬಂದು ಫೋಟೋ ತೋರಿಸುತ್ತಾರೆ. "ಸೂಪರ್ ಅಂಕಲ್, ಹೇಗೆ ಕಂಡುಹಿಡಿದ್ರಿ ಇದನ್ನ?" ಎನ್ನುತ್ತಾರೆ. ನಾನು ನಕ್ಕು ಮುಂದಿನ ಚಕ್ರಕ್ಕೆ ಗಾಳಿ ಹಾಕುತ್ತೇನೆ.

ಅದು ಸಾವಿನ ಸುದ್ದಿ ಮುಟ್ಟಿಸುತ್ತಾ ನಾನು ತುಳಿದ ದಾರಿ.

ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ನಮ್ಮ ಕಡೆಯ ನಲವತ್ತು ಮನೆಗಳ ನೆಂಟರು ಯಾವ ಊರಿನ ಯಾವ ಬೀದಿಯಲ್ಲಿದ್ದಾರೆಂದು ಚೀಟಿ ಇಲ್ಲದೆ ಹೇಳುತ್ತಿದ್ದೆ. ಫೋನು ಇಲ್ಲದ ಕಾಲ. ಯಾರಾದರೂ ತೀರಿಕೊಂಡರೆ ಮೊದಲು ಬಿದಿರು ತರಲು ಒಬ್ಬನನ್ನು ಕಳಿಸುತ್ತಿದ್ದರು, ಆಮೇಲೆ ನನ್ನನ್ನು. ಕನಕಪುರದ ಕಡೆಗೆ ಬೇರೆಯವನಿದ್ದ. ಅವನು ದಾರಿಯಲ್ಲಿ ಹೋಟೆಲ್ ಕಂಡರೆ ಕೂರುತ್ತಿದ್ದ, ಮಣ್ಣಾದ ಮೇಲೆ ನೆಂಟರು ಬರುತ್ತಿದ್ದರು. ನನ್ನ ಕಡೆಯವರು ಒಬ್ಬರೂ ಮುಖ ನೋಡದೆ ಉಳಿದದ್ದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ಕೆಲಸಕ್ಕೆ ಎರಡು ಕಟ್ಟಳೆಗಳಿದ್ದವು. ಒಂದು, ಸತ್ತರು ಎಂದು ಬಾಯಿಬಿಟ್ಟು ಹೇಳಬಾರದು. "ಒಸಿ ಹುಷಾರಿಲ್ಲ, ಬಿರ್ರನೆ ಬರ್ಬೇಕಂತೆ" ಎಂದಷ್ಟೇ ಹೇಳಬೇಕು. ಇನ್ನೊಂದು, ಆ ಮನೆಯಲ್ಲಿ ಕೂರಬಾರದು, ನೀರು ಮುಟ್ಟಬಾರದು. ಯಾಕೆ ಎಂದು ಹಿರಿಯರನ್ನು ಕೇಳಿದರೆ ಸೂತಕ, ಗಾಳಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನನ್ನ ಲೆಕ್ಕ ಬೇರೆ. ನೀರು ಕುಡಿಯಲು ನಿಂತರೆ ಅವರ ಮುಖ ನೋಡಬೇಕಾಗುತ್ತದೆ. ಮುಖ ನೋಡಿದವನು ಮುಂದಿನ ಊರಿಗೆ ಪೆಡಲ್ ತುಳಿಯುವುದು ಕಷ್ಟ. ಹಾಗಾಗಿ ಊರ ಹೊರಗಿನ ಬಾವಿ, ಪಂಪ್‌ಸೆಟ್ಟುಗಳೇ ನನಗೆ ಗತಿ. ಇವತ್ತು ಬೆಂಗಳೂರಿನವರು ಬಾಟಲಿ ತುಂಬಿಕೊಳ್ಳುವುದೂ ಅಲ್ಲೇ.

ನನ್ನ ಸೈಕಲ್ ಕಂಡರೇ ಜನ ಹೆದರುತ್ತಿದ್ದರು. ಒಂದು ಸಲ ದೊಡ್ಡಮಳೂರಿನ ಸೋದರತ್ತೆಯ ಮನೆ ಗೋಡೆಗೆ ಸೈಕಲ್ ಒರಗಿಸಿದ್ದೇ ತಡ, ಆಕೆ ಎದೆ ಬಡಿದುಕೊಂಡು ಅಳತೊಡಗಿದಳು. ಅಕ್ಕಪಕ್ಕದವರೂ ಸೇರಿದರು. ನನ್ನ ಕೈಯಲ್ಲಿದ್ದದ್ದು ನನ್ನದೇ ಮದುವೆಯ ಕಾಗದ. ಮಾವ ಅದನ್ನು ಕಿತ್ತುಕೊಂಡು ನೋಡಿ, "ಮದ್ವೆಗೆ ಕರಿಯಾಕ್ ಬಂದೋನು ಒಸಿ ನಗ್ತಾ ಬರಾಕೇನ್ಲಾ ರೋಗ ನಿಂಗೆ?" ಎಂದು ಬೈದ. ನಾನು ನಗುತ್ತಲೇ ಹೋಗಿದ್ದೆ. ಆ ಮನೆಯವರು ನೋಡಿದ್ದು ಸೈಕಲ್ಲನ್ನು.

ಇದನ್ನು ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ತಿಪ್ಪಸಂದ್ರದ್ದನ್ನು ಯಾರಿಗೂ ಹೇಳಿಲ್ಲ.

ಅಲ್ಲಿರುವುದು ನನ್ನ ಒಡಹುಟ್ಟಿದ ಅಕ್ಕ, ಪುಟ್ಟಮ್ಮ. ಅವಳ ಒಬ್ಬನೇ ಮಗ ನಮ್ಮ ಮನೆಯಲ್ಲಿದ್ದುಕೊಂಡು ಬಿಡದಿಯ ಕಾರ್ಖಾನೆಗೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಹೆದ್ದಾರಿ ದಾಟುವಾಗ ಲಾರಿಗೆ ಸಿಕ್ಕಿ ಹೋಗಿಬಿಟ್ಟ. ಆಗಲೂ ನಾನೇ ಹೋದೆ. ಅವಳ ಮುಂದೆ ನಿಂತು, ಎಲ್ಲರಿಗೂ ಹೇಳುವುದನ್ನೇ ಹೇಳಿದೆ: "ಹೈದಂಗೆ ಒಸಿ ಜ್ವರ ಐತಕ್ಕ, ಬಾ ಅಂತಾವ್ನೆ." ಹೇಳಿ ಮುಂದಿನ ಊರಿಗೆ ಹೊರಟುಬಿಟ್ಟೆ.

ಅವಳು ನಂಬಿದಳು. ಜ್ವರದ ಬಾಯಿಗೆ ಹಿತವಾಗಲೆಂದು ಮೆಣಸಿನ ಸಾರು ಮಾಡಿ, ಡಬ್ಬಿಗೆ ತುಂಬಿ, ಚೆಲ್ಲದ ಹಾಗೆ ಬಸ್ಸಿನುದ್ದಕ್ಕೂ ಮಡಿಲಲ್ಲಿ ಹಿಡಿದುಕೊಂಡು ಬಂದಳಂತೆ. ನಮ್ಮ ಮನೆಯ ಮುಂದಿನ ಜನವನ್ನು ನೋಡಿದಾಗಲೂ ಡಬ್ಬಿ ಬಿಸಿಯಿತ್ತಂತೆ. ತಿಥಿಯ ದಿನ ನನ್ನ ಹತ್ತಿರ ಬಂದು, "ಸತ್ ಮಗಂಗೆ ನನ್ ಕೈಲಿ ಸಾರು ಮಾಡುಸ್ಬುಟ್ಟಲ್ಲೋ" ಎಂದಳು. ಅಷ್ಟೇ. ಹತ್ತೊಂಬತ್ತು ವರ್ಷ ಮಾತಿಲ್ಲ. ಫೋನು ಬಂತು, ಅವಳು ನನ್ನದನ್ನು ಎತ್ತಲಿಲ್ಲ. ಕಟ್ಟಳೆ ಪಾಲಿಸಿದವನದು ಏನು ತಪ್ಪು ಎಂದು ನಾನೂ ಬಿಗಿದುಕೊಂಡೇ ಇದ್ದೆ.

ಹೋದ ವಾರ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಮೂರು ಕಡೆ ರಕ್ತನಾಳ ಕಟ್ಟಿದೆ, ಸೋಮವಾರ ಆಪರೇಷನ್, ಸೈಕಲ್ ಮುಟ್ಟಬೇಡಿ ಎಂದರು ಡಾಕ್ಟರು. ಮನೆಯವಳು ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ "ಒಸಿ ಹುಷಾರಿಲ್ಲ" ಎನ್ನುತ್ತಿದ್ದಳು. ತಿಪ್ಪಸಂದ್ರಕ್ಕೆ ಮಾತ್ರ ಮಾಡಬೇಡ ಎಂದೆ. ನಿನ್ನೆ ಬೆಳಕು ಹರಿಯುತ್ತಲೇ, ಅಂಗಡಿಗೆ ಹೋಗಿ ಬರುತ್ತೇನೆಂದು ಹೇಳಿ, ಸೈಕಲ್ ಹತ್ತಿದೆ.

ಏರು ಬಂದಲ್ಲೆಲ್ಲ ಇಳಿದು ತಳ್ಳಿದೆ. ಮಾಗಡಿ ದಾಟುವಷ್ಟರಲ್ಲಿ ಬನಿಯನ್ ಒದ್ದೆಯಾಗಿತ್ತು. ಫೋಟೋ ತೆಗೆಯುವಂಥ ದಾರಿಯೇ ಅದು, ಒಪ್ಪುತ್ತೇನೆ. ನನಗೆ ಕಂಡದ್ದು, ಹಿಂದೆ ಮುಖ ಸರಿಮಾಡಿಕೊಳ್ಳಲು ನಿಲ್ಲುತ್ತಿದ್ದ ತಿರುವುಗಳು.

ಅಕ್ಕ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸೈಕಲ್ ನೋಡಿದವಳೇ ಮೊರ ಕೆಳಗಿಟ್ಟಳು.

"ಯಾರ್ಲಾ?" ಎಂದಳು.

"ಯಾರೂ ಹೋಗಿಲ್ಲ ಕಣಕ್ಕ. ನಂದೇ ಸುದ್ದಿ. ಎದೆ ನಾಳ ಕಟ್ಕೊಂಡೈತೆ, ಸೋಮವಾರ ಕುಯ್ತಾರೆ. ಉಳಿದ್ರೂ ಉಳೀಬೌದು, ಹೋದ್ರೂ ಹೋಗ್ಬೌದು. ಈ ಸಲ ನಿಂಗೆ ಸುಳ್ಳು ಹೇಳ್ಬಾರ್ದು ಅಂತ ಬಂದೆ."

ಅವಳು ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆಂದು ಸೈಕಲ್ ತಿರುಗಿಸಿದೆ. ಹೊರಗೆ ಬಂದಾಗ ಅವಳ ಕೈಯಲ್ಲಿ ನೀರಿನ ಚೊಂಬು ಇತ್ತು.

"ಬ್ಯಾಡ ಕಣಕ್ಕ" ಎಂದೆ. ಅಭ್ಯಾಸ.

"ಯಾರೂ ಸತ್ತಿಲ್ಲ ಅಂದ್ಯಲ್ಲ, ಕುಡಿ ಮತ್ತೆ. ಎದೆ ಕೆಟ್ಟೋನು ರಾಮನಗರದಿಂದ ಸೈಕಲ್ ತುಳ್ಕೊಂಡ್ ಬಂದವ್ನೆ, ಬುದ್ಧಿ ಅನ್ನೋದು ಐತೇನ್ಲಾ ನಿಂಗೆ?"

ಚೊಂಬಿನಷ್ಟೂ ಕುಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನೂ ನೋಡಿದೆ. ಸುತ್ತು ಪೂರ್ತಿ ಮಾಡಲು ಅವಳು ಬಿಡಲಿಲ್ಲ. ಸೈಕಲ್ಲನ್ನು ಅಂಗಳದಲ್ಲೇ ನಿಲ್ಲಿಸಿಕೊಂಡು ನನ್ನನ್ನು ಬಸ್ಸು ಹತ್ತಿಸಿದಳು. ಕಿಟಕಿಯ ಹತ್ತಿರ ಬಂದು, "ಸೋಮವಾರ ಸಾರು ಮಾಡ್ಕೊಂಡ್ ಬತ್ತೀನಿ. ಕುಡಿಯಾಕೆ ನೀನಿರು" ಎಂದಳು.

ಆಪರೇಷನ್ ಆದ ದಿನ ಬಾಯಿಗೆ ಏನೂ ಹಾಕಬಾರದೆಂದು ಡಾಕ್ಟರು ಹೇಳಿದ್ದರು. ಅದನ್ನು ಮಾತ್ರ ಅವಳಿಗೆ ಹೇಳಲಿಲ್ಲ. "ಊಂ, ಇರ್ತೀನಿ" ಎಂದೆ.