ಬಡಿಯದ ರೊಟ್ಟಿ

ನಾನು ಮಂಡ್ಯದ ಕಡೆಯವಳು. ಮುದ್ದೆ, ಅನ್ನ, ಸೊಪ್ಪಿನ ಸಾರು ಉಂಡು ಬೆಳೆದವಳು. ಕೆಲಸಕ್ಕೆಂದು ಪುಣೆಗೆ ಬಂದೆ. ಹಡಪಸರದ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವನನ್ನು ಮದುವೆಯಾದೆ. ಅವನ ತಂದೆ ವಿಜಯಪುರದಿಂದ ಬಂದು ಇಲ್ಲೇ ಬಟ್ಟೆ ವ್ಯಾಪಾರ ಮಾಡಿ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ಅತ್ತೆ.

ಹೊಸದರಲ್ಲಿ ಅತ್ತೆ ನನ್ನನ್ನು ಕಾಡಿಸುತ್ತಿದ್ದರು. "ಅನ್ನ ಉಣ್ಣೋ ಮಂದಿಗೆ ರೊಟ್ಟಿ ರುಚಿ ಹೆಂಗ ಗೊತ್ತಾಗಬೇಕು?" ಅನ್ನುತ್ತಲೇ ಹೆಂಚಿನಿಂದ ಇಳಿಸಿದ ಜೋಳದ ರೊಟ್ಟಿಯನ್ನು ನೇರವಾಗಿ ನನ್ನ ತಾಟಿಗೆ ಹಾಕಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಶೇಂಗಾ ಹಿಂಡಿ ಇಡುತ್ತಿದ್ದರು. ಅವರು ರೊಟ್ಟಿ ಬಡಿಯುವ ಸದ್ದು ಮೆಟ್ಟಿಲು ಹತ್ತುವಾಗಲೇ ಕೇಳುತ್ತಿತ್ತು. ಆಫೀಸಿನಿಂದ ಎಷ್ಟೇ ಸೋತು ಬಂದಿದ್ದರೂ ಆ ಸದ್ದು ಕಿವಿಗೆ ಬಿದ್ದರೆ ಹಸಿವಾಗುತ್ತಿತ್ತು. ಗೊತ್ತಿಲ್ಲದ ಊರಿನಲ್ಲಿ ನಾನು ಬೇಗ ಹೊಂದಿಕೊಂಡೆನೆಂದರೆ ಅದಕ್ಕೆ ಆ ಅಡುಗೆಮನೆಯೇ ಕಾರಣ.

ಕೆಲವು ವರ್ಷ ಕಳೆಯುವಷ್ಟರಲ್ಲಿ ನನ್ನ ಆರೋಗ್ಯ ಕೈಕೊಟ್ಟಿತು. ಕೂದಲು ಗೊಂಚಲು ಗೊಂಚಲಾಗಿ ಉದುರುತ್ತಿತ್ತು. ಹೊಟ್ಟೆ ಯಾವಾಗಲೂ ಉಬ್ಬಿಕೊಂಡಿರುತ್ತಿತ್ತು. ರಕ್ತ ಕಡಿಮೆ ಎಂದು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಎಷ್ಟು ನುಂಗಿದರೂ ರಕ್ತ ಏರಲಿಲ್ಲ. ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಯಿತು. ಎರಡನೆಯ ಸಲ ಅತ್ತೆ ಆಸ್ಪತ್ರೆಯಲ್ಲಿ ನನ್ನ ಪಾದ ಒತ್ತುತ್ತ ಕೂತಿದ್ದರು. ಅವರಿಗೆ ಮೊಮ್ಮಗುವಿನ ಆಸೆ ಎಷ್ಟಿತ್ತೆಂದು ನನಗೆ ಗೊತ್ತಿತ್ತು. ಹಳೆಯ ಮೆತ್ತನೆಯ ಸೀರೆಗಳನ್ನು ಕೂಸಿಗೆ ಹೊದಿಸುವ ದುಪಟಿ ಹೊಲಿಯಲೆಂದು ಆರಿಸಿ ಇಟ್ಟಿದ್ದರು.

ಕಡೆಗೆ ಹೊಟ್ಟೆಯ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿ, ಸೀಲಿಯಾಕ್ ಅಂದರು. ಗೋಧಿಯಲ್ಲಿರುವ ಗ್ಲುಟೆನ್ ನನ್ನ ಕರುಳಿನ ಒಳಪದರವನ್ನು ಹಾಳುಮಾಡಿದೆ, ಅದಕ್ಕೇ ತಿಂದದ್ದು ಮೈಗೆ ಹತ್ತುತ್ತಿಲ್ಲ. ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಬೇಡ, ಒಂದು ಚೂರೂ ಬೇಡ, ಬದುಕಿರುವ ತನಕ ಬೇಡ. ಹಾಲನ್ನೂ ಸದ್ಯಕ್ಕೆ ಬಿಡಿ. ಈ ಕಾಯಿಲೆಯನ್ನು ತೋರಿಸುವ ರಕ್ತದ ಅಂಕಿ ಇಳಿಯುವವರೆಗೆ ಮಗುವಿನ ಯೋಚನೆ ಬೇಡ. ಇಷ್ಟನ್ನೂ ಅವರು ಬಹಳ ಸಮಾಧಾನದಿಂದ ಹೇಳಿದರು. ಹೊರಗೆ ಬಂದ ಮೇಲೆ ನನಗೆ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಾಗಿತ್ತು. ಕಾಯಿಲೆಗೆ ಒಂದು ಹೆಸರು ಸಿಕ್ಕಿತ್ತಲ್ಲ.

ಮೊದಲಿಗೆ ನಾನು ಮಾಡಿದ್ದು ಅಂಗಡಿಗೆ ಓಡಿದ್ದು. ಗ್ಲುಟೆನ್ ಇಲ್ಲವೆಂದು ಬರೆದ ಬಿಸ್ಕತ್ತು, ಬ್ರೆಡ್, ಪಾಸ್ತಾ ಎಲ್ಲ ತಂದು ತುಂಬಿದೆ. ಅವುಗಳಲ್ಲಿದ್ದದ್ದು ಬರೀ ಪಿಷ್ಟ, ಸಕ್ಕರೆ, ಎಣ್ಣೆ. ಮಲಬದ್ಧತೆ ಶುರುವಾಯಿತು, ಮುಖ ಊದಿತು, ಸುಸ್ತು ಹಾಗೇ ಉಳಿಯಿತು. ಆಸ್ಪತ್ರೆಯ ಪಥ್ಯ ಹೇಳುವಾಕೆ ಆ ಪೊಟ್ಟಣಗಳ ಬಗ್ಗೆ ಕೇಳಿ ನಕ್ಕುಬಿಟ್ಟರು. "ನೀವು ಮಂಡ್ಯದವರು, ರಾಗಿ ಬಿಟ್ಟು ಇದನ್ನೆಲ್ಲ ತಿಂತೀರಾ? ರಾಗಿ, ಜೋಳ, ಸಜ್ಜೆ, ಬೇಳೆ, ಕಾಳು, ತರಕಾರಿ. ಇಷ್ಟೇ ಸಾಕು" ಅಂದರು.

ಅತ್ತೆಗೆ ಈ ಮಾತು ಹೇಳಿದಾಗ ಅವರ ಮುಖ ಅರಳಿತು. "ಜ್ವಾಳ ನಡೀತದಂತಲ್ಲ! ಹಂಗಾರ ಚಿಂತೀ ಯಾಕ? ದಿನಾ ಬಿಸಿ ರೊಟ್ಟಿ ಮಾಡಿ ಹಾಕ್ತೀನಿ. ಆರು ತಿಂಗಳದಾಗ ಎದ್ದು ನಿಲ್ಲತೀ ನೋಡು."

ಅಂದಿನಿಂದ ಅತ್ತೆ ನನ್ನ ಊಟವನ್ನು ಪೂರ್ತಿಯಾಗಿ ತಮ್ಮ ಕೈಗೆ ತೆಗೆದುಕೊಂಡರು. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸುತ್ತಾರೆಂದು ನಾನು ಹೇಳಿದ್ದಕ್ಕೆ, ಗಂಡ ಮನೆಗೇ ಒಂದು ಚಿಕ್ಕ ಬೀಸುವ ಯಂತ್ರ ತಂದ. ಇಂಗಿನ ಡಬ್ಬಿಯಲ್ಲೂ ಗೋಧಿಹಿಟ್ಟು ಬೆರೆಸಿರುತ್ತಾರೆಂದು ಗೊತ್ತಾದ ದಿನ ಅತ್ತೆ ಅದನ್ನು ಕೆಳಮನೆಯವರಿಗೆ ಕೊಟ್ಟು, ಬೆಳ್ಳುಳ್ಳಿ ಒಗ್ಗರಣೆ ಶುರುಮಾಡಿದರು. ನನಗೊಂದು ಬೇರೆ ಹೆಂಚು, ಬೇರೆ ಸೌಟು, ಬೇರೆ ಜರಡಿ. ಅವರಿಗೂ ಮಗನಿಗೂ ಮಾತ್ರ ಚಪಾತಿ, ಅದೂ ನನ್ನ ರೊಟ್ಟಿ ಮುಗಿದ ಮೇಲೆ. ನಾನು ರೊಟ್ಟಿ ಮಾಡಲು ಕಲಿಯುತ್ತೇನೆಂದರೆ ಒಪ್ಪಲಿಲ್ಲ. "ದುಡದು ಬಂದೀ, ಕೂಡು. ನಾ ಇರೂತನಾ ನೀ ಹಿಟ್ಟು ನಾದೂ ಪರಾತ ಮುಟ್ಟಬ್ಯಾಡ."

ಹೊರಗೆ ಮಾತ್ರ ಕಷ್ಟವಿತ್ತು. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೇಕು ಬೇಡವೆಂದರೆ, ಪಕ್ಕದ ಮರಾಠಿ ಗೆಳತಿ "ಏಕ್ ಘಾಸ್ ಖಾಲ್ಲಾ ತರ್ ಕಾಯ್ ಹೋಣಾರ್?" ಎನ್ನುವಳು. ಒಂದು ತುತ್ತಿಗೆ ಏನಾಗುತ್ತದೆಂದು ಅವಳಿಗೆ ವಿವರಿಸಿ ವಿವರಿಸಿ ನನಗೇ ನಾಚಿಕೆಯಾಗಿ, ಕೊನೆಗೆ ಉಪವಾಸ ಎಂದು ಸುಳ್ಳು ಹೇಳತೊಡಗಿದೆ. ಪುಣೆಯಲ್ಲಿ ಉಪವಾಸವೆಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಪುಣೆಯ ಹತ್ತಿರದ ಭೋರ್‌ನಲ್ಲಿರುವ ಗಂಡನ ಅಕ್ಕ ಹೊಸ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಮೂವರೂ ಹೋಗಿದ್ದೆವು. ಊಟಕ್ಕೆ ಹೋಳಿಗೆ. ಆಕೆ ತಾವೇ ಬಂದು ನನ್ನ ಎಲೆಗೆ ಬಡಿಸಲು ಹೋದರು. ನಾನು ಕೈ ಅಡ್ಡ ಹಿಡಿದೆ. "ಮನಿ ಮಾಡೀವಿ, ಒಂದು ಹೋಳಿಗಿನೂ ತಿನ್ನೂದಿಲ್ಲಂದ್ರ ಹೆಂಗ? ಮನಸ್ಸಿಗೆ ಭಾಳ ಕೆಟ್ಟ ಅನಸ್ತದ" ಎಂದು ಆಕೆ ಎಲ್ಲರೆದುರೇ ಅಂದರು. ಸಾಲಿನಲ್ಲಿ ಕೂತವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಆಗ ಅತ್ತೆ ಎದುರಿನ ಸಾಲಿನಿಂದ ಎದ್ದು ಬಂದರು.

"ಆಕಿಗೆ ಹಾಕಬ್ಯಾಡ. ಆಕಿ ಊಟ ನಾ ಕಟಗೊಂಡು ಬಂದೀನಿ" ಎಂದು ಮಗಳಿಗೆ ಹೇಳಿ, ಚೀಲದಿಂದ ಬಿಳಿ ಬಟ್ಟೆಯ ಗಂಟು ತೆಗೆದು, ರೊಟ್ಟಿ, ಹೆಸರುಕಾಳಿನ ಪಲ್ಯ ನನ್ನ ಎಲೆಗೆ ಬಡಿಸಿದರು. ಆ ಹೊತ್ತು ನನಗೆ ನನ್ನ ಹೆತ್ತತಾಯಿಗಿಂತ ಅವರು ಹತ್ತಿರ ಅನ್ನಿಸಿದ್ದರು.

ಆದರೆ ವಾಪಸು ಬರುವಾಗ ಕಾತ್ರಜದ ಸುರಂಗಕ್ಕೆ ಮೊದಲೇ ಕಾರು ನಿಲ್ಲಿಸಬೇಕಾಯಿತು. ಹೊಟ್ಟೆ ಹಿಂಡುತ್ತಿತ್ತು. ರಸ್ತೆಯ ಬದಿಗೆ ಕೂತು ಕಾರಿಕೊಂಡೆ. ಅತ್ತೆ ಬೆನ್ನು ನೀವುತ್ತ, "ಅವರ ಮನಿ ಸೌಟ ಹತ್ತಿರಬೇಕು ಪಲ್ಯಾಕ್ಕ" ಅಂದರು. ನಾನೂ ಹಾಗೇ ನಂಬಿದೆ.

ಮುಂದಿನ ಪರೀಕ್ಷೆಯಲ್ಲಿ ರಕ್ತದ ಅಂಕಿ ಇಳಿದಿರಲಿಲ್ಲ. ಡಾಕ್ಟರು ಕಾಗದವನ್ನು ತಿರುಗಿಸಿ ನನಗೆ ತೋರಿಸಿದರು. "ಎಲ್ಲಿಂದಲೋ ಗೋಧಿ ಒಳಗೆ ಹೋಗುತ್ತಿದೆ. ಅಪರೂಪಕ್ಕೆ ಅಲ್ಲ, ದಿನಾ. ಸರಿಯಾಗಿ ಯೋಚನೆ ಮಾಡಿ" ಅಂದರು. ಮನೆಗೆ ಬರುವ ದಾರಿಯಲ್ಲಿ ಗಂಡ, "ಆಫೀಸಿನಲ್ಲಿ ಏನಾದ್ರೂ ತಿಂತೀ ಏನು?" ಎಂದು ಕೇಳಿದ. ನನಗೆ ಅಳು ಬಂತು. ನನ್ನ ಬಾಯನ್ನು ನಾನು ಇಷ್ಟು ಕಟ್ಟಿಕೊಂಡಿದ್ದರೂ ಅವನಿಗೆ ನನ್ನ ಮೇಲೆ ಅನುಮಾನ ಬಂತಲ್ಲ ಎಂದು.

ಅದಾದ ಮೇಲೆ ಮಸಾಲೆಪುಡಿ ನಿಲ್ಲಿಸಿದೆ, ಹೊರಗಿನ ಚಹಾ ನಿಲ್ಲಿಸಿದೆ, ತುಟಿಗೆ ಹಚ್ಚುವ ಬಣ್ಣವನ್ನೂ ಬಿಟ್ಟೆ. ಮೈ ಮಾತ್ರ ಹಾಗೇ ಇತ್ತು.

ಒಂದು ಶನಿವಾರ ಮಧ್ಯಾಹ್ನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮೀಟಿಂಗು ಅರ್ಧಕ್ಕೆ ನಿಂತದ್ದರಿಂದ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅತ್ತೆ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರು. ಪರಾತದಲ್ಲಿ ಜೋಳದ ಹಿಟ್ಟಿತ್ತು. ಅವರು ಗೋಧಿಹಿಟ್ಟಿನ ಡಬ್ಬಿ ತೆಗೆದು, ಒಂದು ಹಿಡಿ ಎತ್ತಿ ಜೋಳದ ಹಿಟ್ಟಿಗೆ ಹಾಕಿ ನಾದಿದರು. ಆಮೇಲೆ ಉಂಡೆ ಮಾಡಿ ಲಟ್ಟಣಿಗೆ ತೆಗೆದುಕೊಂಡು ಲಟ್ಟಿಸತೊಡಗಿದರು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ರೊಟ್ಟಿ ಬಡಿಯುವ ಸದ್ದನ್ನು ನಾನು ಎಷ್ಟೋ ತಿಂಗಳಿಂದ ಕೇಳಿಯೇ ಇಲ್ಲವೆಂಬುದು ಹೊಳೆದದ್ದು ಆಗ.

ಮೊದಲು ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಈಕೆಗೆ ನಾನು ಬೇಡವಾಗಿದ್ದೇನೆ ಅನ್ನಿಸಿತು. ಮಕ್ಕಳಾಗದ ಸೊಸೆ. ಬೇರೆ ಊರಿನ, ಬೇರೆ ಜಾತಿಯ ಸೊಸೆ.

"ಅತ್ತೆ, ಏನದು ಹಾಕಿದ್ದು?" ಅಂದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿತು.

ಅವರು ಬೆಚ್ಚಿ ತಿರುಗಿದರು. ಲಟ್ಟಣಿಗೆ ಕೆಳಗೆ ಬಿತ್ತು. "ಏನಿಲ್ಲವಾ. ಜ್ವಾಳದ್ದಽ ಹಿಟ್ಟು."

"ನಾನು ನೋಡಿದೆ. ಗೋಧಿ ಹಾಕಿದ್ರಿ. ದಿನಾ ಹಾಕ್ತಿದೀರಾ?"

"ಒಂದ ಹಿಡಿ ಅಷ್ಟ. ಅಷ್ಟಕ್ಕ ಏನೂ ಆಗೂದಿಲ್ಲ."

"ಡಾಕ್ಟರು ಒಂದು ಚೂರೂ ಬೇಡ ಅಂದಿದ್ರಲ್ಲ! ನಿಮಗೆ ಗೊತ್ತಿತ್ತಲ್ಲ!" ನಾನು ಕೂಗಿದೆ. ಗಂಡ ಹೊರಗಿನ ಕೋಣೆಯಿಂದ ಓಡಿ ಬಂದ. ಏನಾಯಿತೆಂದು ನಾನು ಹೇಳುತ್ತಿದ್ದಂತೆ ಅವನ ಮುಖ ಗಂಟಾಯಿತು. "ಅವ್ವಾ ನಿನಗೆ ವಿಷಾ ಹಾಕ್ಲಿಕತ್ತಾಳ ಅಂತೀ ಏನು?" ಎಂದು ನನ್ನನ್ನೇ ಕೇಳಿದ. ಆಮೇಲೆ ತಾಯಿಯ ಕಡೆ ತಿರುಗಿ, "ನೀನರ ಹೇಳು ಅವ್ವಾ" ಅಂದ.

ಅತ್ತೆ ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ಆ ಹಿಡಿತ ಬಿಟ್ಟು ಬಲಗೈಯನ್ನು ನಮ್ಮ ಮುಂದೆ ಚಾಚಿದರು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ತಿಕ್ಕುವಂತೆ ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು.

"ಕೈ ನನ್ನ ಮಾತು ಕೇಳೂದಿಲ್ಲ ಈಗ. ಬಡಿಲಿಕ್ಕೆ ಹೋದ್ರ ರೊಟ್ಟಿ ಹರೀತದ. ಹೆಂಚಿಗೆ ಹಾಕೂದರಾಗ ಮೂರು ತುಕಡಿ ಆಗತದ. ಒಂದೀಟು ಗೋಧಿ ಬೆರಸಿದ್ರ ಹಿಟ್ಟು ಕೂಡ್ತದ, ಲಟ್ಟಸ್ಲಿಕ್ಕೆ ಬರ್ತದ" ಅಂದರು. ಹಿಟ್ಟಾದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಹೇಳಿದ್ರ ನನ್ನ ಅಡಗಿಮನಿ ಬಿಡಸ್ತಿದ್ರಿ" ಅಂದರು.

ಒಲೆಯ ಮೇಲಿನ ಹೆಂಚು ಕಾದು ಹೊಗೆಯಾಡುತ್ತಿತ್ತು. ಗಂಡ ಹೋಗಿ ಆರಿಸಿದ.

ನನ್ನ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಆ ಕೈಯನ್ನು ನೋಡಿದ ಮೇಲೆ ಅದನ್ನು ತೋರಿಸುವುದಕ್ಕೂ ಆಗಲಿಲ್ಲ. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಭೋರ್‌ನಲ್ಲಿ ಅಷ್ಟು ಜನರ ಮುಂದೆ ನನ್ನ ಎಲೆಗೆ ಬಿದ್ದ ರೊಟ್ಟಿ ನೆನಪಾಯಿತು. ಅಂದು ನನ್ನ ಮಾನ ಉಳಿಸಿದ್ದೂ ಅದೇ, ರಸ್ತೆಯ ಬದಿಯಲ್ಲಿ ಕಾರಿಸಿದ್ದೂ ಅದೇ.

ಮರುವಾರ ಅತ್ತೆಯನ್ನು ನರಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನಡೆಸಿ ನೋಡಿದರು, ಬೆರಳು ಮಡಚಿಸಿ ಬಿಡಿಸಿದರು. ಪಾರ್ಕಿನ್ಸನ್, ಶುರುವಾಗಿ ಬಹಳ ಕಾಲವಾಗಿದೆ ಅಂದರು. ಗುಣವಾಗುವ ಕಾಯಿಲೆಯಲ್ಲ, ಮಾತ್ರೆಯಿಂದ ತಡೆದು ಇಡಬಹುದು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ತಮಗೆ ಸಂಬಂಧವಿಲ್ಲದ ಸುದ್ದಿಯೆಂಬಂತೆ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ನಾನು ಅವರ ಚಪ್ಪಲಿ ಬಿಚ್ಚಲು ಬಗ್ಗಿದಾಗ, ಮಗ ಒಳಗೆ ಹೋದದ್ದನ್ನು ನೋಡಿಕೊಂಡು ಕೇಳಿದರು:

"ಖರೇ ಹೇಳು. ಮೊದಲಿನ ಎರಡು ಬಸಿರು ಹೋದದ್ದು ಈ ಗೋಧಿಯಿಂದಽ ಏನು?"

"ಆಗ ನಮಗ್ಯಾರಿಗೂ ಈ ಕಾಯಿಲೆ ಗೊತ್ತಿರ್ಲಿಲ್ಲ ಅತ್ತೆ."

"ಅದು ಬಿಡು. ಗೊತ್ತಾದ ಮ್ಯಾಲೆ? ಡಾಕ್ಟರು ಕೂಸು ಈಗ ಬ್ಯಾಡ ಅಂದದ್ದು ನನ್ನ ಒಂದು ಹಿಡಿ ಹಿಟ್ಟಿನಿಂದಽ ಮುಂದಕ್ಕ ಹೋತು, ಹೌದಲ್ಲೋ?"

ಇಲ್ಲ ಅನ್ನಬಹುದಿತ್ತು. ಅವರು ನಂಬುತ್ತಿರಲಿಲ್ಲ. ಹೌದು ಅನ್ನಲು ನಾಲಗೆ ಏಳಲಿಲ್ಲ. ನಾನು ಚಪ್ಪಲಿಯನ್ನು ಗೂಡಿನಲ್ಲಿಟ್ಟು ಒಳಗೆ ಹೋದೆ. ಅವರಿಗೆ ಉತ್ತರ ಸಿಕ್ಕಿತು.

ಈಗ ಮನೆಯೊಳಗೆ ಗೋಧಿಹಿಟ್ಟೇ ಬರುವುದಿಲ್ಲ. ಗಂಡನೇ ಹಾಗೆ ತೀರ್ಮಾನಿಸಿದ. ಚಪಾತಿ ಬೇಕಾದರೆ ಆಫೀಸಿನಲ್ಲಿ ತಿನ್ನುತ್ತಾನೆ. ಬೆಳಿಗ್ಗೆ ನಾನು ಮುದ್ದೆ ಕೂಡಿಸುತ್ತೇನೆ, ಇಲ್ಲವೆ ಸಜ್ಜೆಯ ದೋಸೆ ಹುಯ್ಯುತ್ತೇನೆ. ರೊಟ್ಟಿಯನ್ನೂ ಕಲಿತೆ. ದಪ್ಪಗಾಗುತ್ತದೆ, ಅಂಚು ಒಡೆಯುತ್ತದೆ, ತಿನ್ನಲು ಅಡ್ಡಿಯಿಲ್ಲ. ರಕ್ತದ ಅಂಕಿ ಇಳಿದಿದೆ. ಕೂದಲು ಮತ್ತೆ ಬರುತ್ತಿದೆ. ಕಂಡವರೆಲ್ಲ ಮೈಕೈ ತುಂಬಿಕೊಂಡಿದ್ದೀಯ ಅನ್ನುತ್ತಾರೆ. ಡಾಕ್ಟರು ಇನ್ನು ಪ್ರಯತ್ನಿಸಬಹುದು ಅಂದಿದ್ದಾರೆ. ಇನ್ನೂ ಏನೂ ಆಗಿಲ್ಲ. ನನ್ನ ವಯಸ್ಸೂ ನಿಂತಿಲ್ಲ.

ಅತ್ತೆಯ ಕೈ ಮಾತ್ರೆಯಿಂದ ಸ್ವಲ್ಪ ಹತೋಟಿಗೆ ಬಂದಿದೆ, ಆದರೂ ಅವರು ಒಲೆಯ ಹತ್ತಿರ ಬರುವುದಿಲ್ಲ. ಬೇಳೆ ಆರಿಸಿ ಕೊಡಿ, ಸೊಪ್ಪು ಬಿಡಿಸಿ ಕೊಡಿ ಎಂದು ನಾನೇ ಮುಂದಿಟ್ಟರೆ, ಮೊದಲು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದು, "ಮುಟ್ಟಲೇನವಾ?" ಎಂದು ಕೇಳುತ್ತಾರೆ. ಮನೆಯಲ್ಲಿ ಗೋಧಿಯೇ ಇಲ್ಲವಲ್ಲ ಅತ್ತೆ ಎಂದು ಎಷ್ಟು ಸಲ ಹೇಳಿದರೂ ಕೇಳುವುದನ್ನು ಬಿಟ್ಟಿಲ್ಲ. ನಾನು ಊಟಕ್ಕೆ ಕೂತಾಗ ಬಾಲ್ಕನಿಗೆ ಹೋಗಿ ಕೂರುತ್ತಾರೆ. ಕರೆದರೆ, "ನೀ ಉಣ್ಣು, ನಾ ಆಮ್ಯಾಲ ಬರ್ತೀನಿ" ಅನ್ನುತ್ತಾರೆ. ನನ್ನ ತಾಟು ತೊಳೆದಿಡುವವರೆಗೆ ಅವರು ಅಲ್ಲಿಂದ ಏಳುವುದಿಲ್ಲ.