ಕೊನೆಯ ಸೊನ್ನೆಯವರೆಗೆ

ಮಣಿಪಾಲದಲ್ಲಿ ನನ್ನ ಅಂಗಡಿಯ ಪಕ್ಕ, ಕೆಟ್ಟ ಮೆಮೊರಿ ಕಾರ್ಡು ರಿಪೇರಿ ಮಾಡುವವರೊಬ್ಬರಿದ್ದರು. ಫೈಲಿನ ಹೆಸರನ್ನು ಅವರು ನಂಬುತ್ತಿರಲಿಲ್ಲ. "ಒಳಗೆ ಎಂತ ಉಂಟು ನೋಡುವ" ಎಂದು ಕನ್ನಡಕ ಹಣೆಗೇರಿಸಿ, ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಟೈಪಿಸಿ, ಫೈಲನ್ನು, ಕಾರ್ಡಿನೊಳಗೆ ಇರುವುದನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಅಂಕಿಗಳಾಗಿ ಬಿಚ್ಚುತ್ತಿದ್ದರು.

ಒಮ್ಮೆ ಕಡಲ ದಡದ ಹೂಡೆ ಊರಿನಿಂದ ಮೀನು ಮಾರುವ ಹೆಂಗಸೊಬ್ಬರು ಕಾರ್ಡು ತಂದರು. ದೋಣಿ ಮಗುಚಿ ಹಿಂದೆ ಬಾರದ ಮಗನ ದನಿ ಉಳಿದಿದ್ದದ್ದು ಅದರಲ್ಲಿ ಮಾತ್ರ. ಬಿಚ್ಚಿದರೆ ಒಂದು ಸಾಲು ಸೊನ್ನೆ, ಕೆಳಗೊಂದು ನಕ್ಷತ್ರ ಚಿಹ್ನೆ. ಕೊನೆಯವರೆಗೂ ಬರೀ ಸೊನ್ನೆಯೇ, ಒಳಗೆ ಏನೂ ಉಳಿದಿಲ್ಲ ಎಂದು ಅದರರ್ಥ.

"ಇಷ್ಟು ಬೇಗ ನೋಡಿ ಆಯ್ತಾ?" ಎಂದರು ಆಕೆ.

ರಿಪೇರಿಯವರು ಮತ್ತೆ ಕೀಲಿಮಣೆಗೆ ಕೈ ಹಾಕಿದರು. ನಕ್ಷತ್ರ ಹಾಕಿ ಚಿಕ್ಕದು ಮಾಡದೆ ಒಂದೊಂದು ಸಾಲನ್ನೂ ಪೂರ್ತಿ ತೋರಿಸುವಂತೆ ಆಜ್ಞೆ ತಿದ್ದಿ, ಪರದೆಯನ್ನು ಆಕೆಯತ್ತ ತಿರುಗಿಸಿದರು. ಸೊನ್ನೆಗಳು ಓಡತೊಡಗಿದವು. ಊಟದ ಹೊತ್ತು ಮೀರಿದರೂ ಇಬ್ಬರೂ ಏಳಲಿಲ್ಲ.

ಕೊನೆಯ ಸೊನ್ನೆಯೂ ಬಂದು ಓಟ ನಿಂತಾಗ ಆಕೆಯೇ ಹೇಳಿದರು: "ಸಾಕು ಮಾರಾಯ್ರೆ. ಕಡಲಲ್ಲಿ ಅವನನ್ನು ಯಾರೂ ಇಷ್ಟು ಹುಡುಕಲಿಲ್ಲ."